ಯಾವುದಕ್ಕೂ ಒಂದು ಪ್ರಿಂಟ್ ಇರಲಿ

ಭದ್ರಾವತಿಯವರಿಗೆ ಕಾಗದದ ಪಾಠ ಯಾರೂ ಹೇಳಬೇಕಾಗಿಲ್ಲ. 1936ರಲ್ಲಿ ಹುಟ್ಟಿದ ಎಂಪಿಎಂ ಕಾಗದ ಕಾರ್ಖಾನೆ ಕಡೆಯಿಂದ ಗಾಳಿ ತಿರುಗಿದರೆ ಸಾಕು, ಮೂಗು ಮುಚ್ಚಿಕೊಂಡೇ ಮಗ್ಗಿ ಒಪ್ಪಿಸಿದವರು ನಾವು. ಈಗ ಅಲ್ಲಿನ ಯಂತ್ರಗಳು ಮಲಗಿ ವರ್ಷಗಳಾದವು. ಇತ್ತ ಶಾಲೆ ಕಾಲೇಜುಗಳೆಲ್ಲ 'ಪೇಪರ್‌ಲೆಸ್' ಅಂತೆ. ಸರಿಹೋಯ್ತು ಬಿಡಿ, ಮಾಡುವವರೂ ಇಲ್ಲ, ಬೇಕೆನ್ನುವವರೂ ಇಲ್ಲ ಅಂದುಕೊಂಡಿದ್ದೆ.

ಮೇಷ್ಟ್ರಾಗಿರುವ ಸ್ನೇಹಿತರೊಬ್ಬರ ಬೀರು ನೋಡುವ ತನಕ. ಮಕ್ಕಳ ಜಾತಕವನ್ನೆಲ್ಲ ಶಿಕ್ಷಣ ಇಲಾಖೆಯ ಪೋರ್ಟಲ್ ಸ್ಯಾಟ್ಸ್‌ಗೆ ತುಂಬಬೇಕು. ತುಂಬಿದ್ದಕ್ಕೆ ಸ್ಕ್ರೀನ್‌ಶಾಟ್. ಅದು ವಾಟ್ಸಾಪ್ ಗ್ರೂಪಿಗೆ. ಅಲ್ಲಿಂದ ಜೆರಾಕ್ಸ್ ಅಂಗಡಿಗೆ. ಪ್ರಿಂಟಿಗೆ ಸಹಿ, ಸಹಿಗೆ ಸೀಲು, ಆಮೇಲೆ ಫೈಲು. "ಎಲ್ಲಾ ಆನ್‌ಲೈನ್ ಅಲ್ವಾ ಸಾರ್?" ಅಂದೆ. "ಆನ್‌ಲೈನೇ. ಯಾವುದಕ್ಕೂ ಒಂದು ಪ್ರಿಂಟ್ ಇರಲಿ ಅಂತ" ಅಂದರು. ಬೀರುವಿನ ಬಾಗಿಲು ಹಾಕಲು ಮೊಣಕಾಲಿನ ಸಹಾಯ ಬೇಕಾಯಿತು.

ಅದಕ್ಕೇ ನನಗೆ ರೇಡಿಯೋ ಮೇಲೆ ಅಕ್ಕರೆ. 1965ರಿಂದ ಊರಲ್ಲೇ ಆಕಾಶವಾಣಿ ಇದೆ, 675 ಕಿಲೋಹರ್ಟ್ಸ್. 'ಕೇಳಿ ಕಲಿ', 'ಚುಕ್ಕಿ ಚಿನ್ನ' ಅಂತ ಪಾಠಗಳು ಬರುತ್ತಿದ್ದವು. ರೇಡಿಯೋ ಅಕ್ಕ ಪ್ರಶ್ನೆ ಕೇಳಿ ಸುಮ್ಮನಾಗುವಳು, ಮಕ್ಕಳು ಕಿರುಚಿ ಉತ್ತರ ಹೇಳಬೇಕು. ಐದಕ್ಕೆ ಮೂರು ಕೂಡಿದರೆ ಒಂಬತ್ತು ಅಂತ ನನ್ನ ಅಕ್ಕನ ಮಗ ಕೂಗಿದ. ರೇಡಿಯೋ ಅಕ್ಕ "ಶಾಬಾಷ್" ಅಂದಳು! ಪಾಸ್‌ವರ್ಡ್ ಕೇಳದ, ತಪ್ಪಿಗೂ ಬೆನ್ನು ತಟ್ಟುವ ಅಂಥ ತಂತ್ರಜ್ಞಾನ ಆಮೇಲೆ ಬರಲೇ ಇಲ್ಲ.

ಕಾಲೇಜಿನದು ಬೇರೆಯೇ ಪುರಾಣ. ಕುವೆಂಪು ವಿಶ್ವವಿದ್ಯಾಲಯ ಇರುವುದು ನಮ್ಮ ತಾಲ್ಲೂಕಿನ ಶಂಕರಘಟ್ಟದಲ್ಲೇ, ಬಸ್ಸು ಹತ್ತಿದರೆ ಬಂತು. ಆದರೆ ಈಗ ಪ್ರವೇಶದಿಂದ ಫಲಿತಾಂಶದವರೆಗೆ ಹಾದಿ ಯುಯುಸಿಎಂಎಸ್ ಎಂಬ ಪೋರ್ಟಲ್ ಮೂಲಕ. ಹೆಸರು ಉಚ್ಚರಿಸಲು ಕಲಿಯುವಷ್ಟರಲ್ಲಿ ಒಂದು ಸೆಮಿಸ್ಟರ್ ಮುಗಿಯುತ್ತದೆ.

ಮೊನ್ನೆ ಪಕ್ಕದ ಮನೆ ಹುಡುಗಿಯ ಜೊತೆ ರಂಗಪ್ಪ ಸರ್ಕಲ್ ಹತ್ತಿರದ ಸೈಬರ್‌ಗೆ ಹೋಗಿದ್ದೆ, ಯಾವುದೋ ಅರ್ಜಿಗೆ. ಒಟಿಪಿ ಹೋಗಿದ್ದು ಅಪ್ಪನ ಮೊಬೈಲಿಗೆ. ಅಪ್ಪ ಬಾರಂದೂರಿನ ತೋಟದಲ್ಲಿ.

"ಅಪ್ಪಾ, ಆರು ನಂಬರ್ ಬಂದಿದೆ, ಹೇಳು."

"ಯಾರಿಗೂ ಹೇಳಬೇಡಿ ಅಂತ ಬರೆದಿದೆಯಲ್ಲೇ!"

ಮಗಳು ತಾನೇ ಮಗಳೆಂದು ನಂಬಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದು ಒಟಿಪಿ ಹಳಸಿತು. ಎರಡನೆಯದು ದಕ್ಕಿತು. ಫೋಟೋ ಭಾರ ಜಾಸ್ತಿಯಾಯಿತೆಂದು ಸೈಬರ್ ಹುಡುಗ ಅದನ್ನು ಇಳಿಸಿದ. ಮುಖ ರಾಗಿ ಮುದ್ದೆಯಂತಾಯಿತು. ಪೋರ್ಟಲ್ ಒಪ್ಪಿತು.

"ಅಣ್ಣಾ, ಯಾವುದಕ್ಕೂ ಒಂದು ಪ್ರಿಂಟ್" ಅಂದಳು.

ಪ್ರಿಂಟರ್ ಗೊರಗೊರ ಅಂದು ಕೆಂಪು ದೀಪ ತೋರಿಸಿತು. ಪೇಪರ್ ಖಾಲಿ. ಹುಡುಗ ಓಡಿಹೋಗಿ ಹೊಸ ಬಂಡಲ್ ತಂದ. ಮೇಲಿನ ವಿಳಾಸ ಓದಿದೆ: ತಮಿಳುನಾಡು.