ಸೆಕೆಂಡ್ಸ್ ರಾಯರು

ಬಳೇಪೇಟೆಯ ವಾದ್ಯದಂಗಡಿಗೆ ಯಾರು ಕಾಲಿಟ್ಟರೂ ಅಂಗಡಿಯವರು ಮೊದಲು ಕೇಳುವುದು "ಯಾವ ವಾದ್ಯ ಬೇಕು ಸಾರ್?" ಎಂದು. ಸೆಕೆಂಡ್ಸ್ ರಾಯರನ್ನು ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ವೀಣೆಯೋ ಗಿಟಾರೋ, ಅವರಿಗೆ ಯಾವುದಾದರೂ ಆದೀತು. ಎಲ್ಲಿ ಸೀಳಿದೆ, ಅದಕ್ಕೆಷ್ಟು ಬಿಡುತ್ತಾರೆ ಎನ್ನುವುದಷ್ಟೇ ಮುಖ್ಯ. ಚಪ್ಪಲಿ ಬಿಡುವಷ್ಟರಲ್ಲೇ "ಡ್ಯಾಮೇಜ್ ಪೀಸ್ ಏನಾದ್ರೂ ಬಂದಿದ್ಯೇನಪ್ಪಾ?" ಎಂದು ಕೂಗು ಹಾಕುತ್ತಾರೆ. ಗಾಜಿನ ಹಿಂದೆ ಮಿಂಚುವ ಹೊಸ ಮಾಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಕಣ್ಣೆಲ್ಲ ಅಟ್ಟದ ಮೇಲೆ ಧೂಳು ಹಿಡಿದು ಕೂತ ರಟ್ಟಿನ ಪೆಟ್ಟಿಗೆಗಳ ಮೇಲೆ.

ಶೋರೂಮಿನ ಡಿಸ್‌ಪ್ಲೇ ಪೀಸು, ಗಿರಾಕಿ ವಾಪಸು ತಂದ ಓಪನ್ ಬಾಕ್ಸು, ಫ್ಯಾಕ್ಟರಿಯವರೇ ಪಕ್ಕಕ್ಕಿಟ್ಟ ಸೆಕೆಂಡ್ಸು, ಲಾರಿಯಲ್ಲಿ ಬರುವಾಗ ಏಟು ತಿಂದದ್ದು: ಈ ನಾಲ್ಕರ ವ್ಯತ್ಯಾಸ ಅವರಿಗೆ ರಾಗಗಳ ವ್ಯತ್ಯಾಸಕ್ಕಿಂತ ಚೆನ್ನಾಗಿ ಗೊತ್ತು. "ಪೂರಾ ದುಡ್ಡು ಕೊಟ್ಟು ಫಸ್ಟ್ ಕ್ವಾಲಿಟಿ ತಗೊಳ್ಳೋಕೆ ತಲೆ ಯಾತಕ್ಕೆ ಬೇಕು?" ಎನ್ನುತ್ತಾರೆ.

ಹಾಗೆಂದು ಅವರನ್ನು ಪೆದ್ದರೆಂದು ತಳ್ಳಿಹಾಕುವ ಹಾಗಿಲ್ಲ. ಸೆಕೆಂಡ್ಸ್ ಎಂದಮಾತ್ರಕ್ಕೆ ನಾದ ಕೆಟ್ಟಿರಬೇಕೆಂದೇನೂ ಇಲ್ಲ. ಅಮೆರಿಕದ ಗಿಬ್ಸನ್ ಕಂಪನಿ ಒಂದು ಕಾಲದಲ್ಲಿ ತಪಾಸಣೆಯಲ್ಲಿ ನಪಾಸಾದ ಗಿಟಾರುಗಳ ತಲೆಯ ಹಿಂಬದಿಗೆ, ಸೀರಿಯಲ್ ನಂಬರಿನ ಹತ್ತಿರ, 2 ಎಂದು ಠಸ್ಸೆ ಒತ್ತಿ ಮಾರಾಟಕ್ಕೆ ಬಿಡುತ್ತಿತ್ತು. ಇಂಥವುಗಳಲ್ಲಿ ಎಷ್ಟೋ ಸಲ ದೋಷ ಬರೀ ಕಣ್ಣಿಗೆ ಕಾಣುವಂಥದ್ದು: ಪಾಲಿಶ್ ಒಂದು ಕಡೆ ಇಳಿದಿರುತ್ತದೆ, ಮರದಲ್ಲೊಂದು ಕಲೆ ಇರುತ್ತದೆ. ಅದನ್ನು ಕೊಂಡವನು ಗೆದ್ದ. ಕತ್ತು ತಿರುಚಿಕೊಂಡಿದ್ದನ್ನು ಕೊಂಡವನು ಸತ್ತ.

ಪಿಟೀಲಿನ ಲೆಕ್ಕ ಇನ್ನೂ ಸೂಕ್ಷ್ಮ. ಮೇಲ್ಹಲಗೆಯ ಸೀಳಿಗೆ ಅಷ್ಟಾಗಿ ಹೆದರಬೇಕಿಲ್ಲ. ಪಿಟೀಲನ್ನು ಕೂಡಿಸುವುದು ಚರ್ಮದಿಂದ ಮಾಡಿದ ಅಂಟಿನಲ್ಲಿ. ಬಿಸಿಗೆ, ತೇವಕ್ಕೆ ಅದು ಬಿಟ್ಟುಕೊಳ್ಳುತ್ತದೆ, ಬಿಚ್ಚಿ ರಿಪೇರಿ ಮಾಡಿ ಮತ್ತೆ ಅಂಟಿಸಬಹುದು. ಆದರೆ ಒಳಗೆ ಎರಡು ಹಲಗೆಗಳ ನಡುವೆ ಸೌಂಡ್ ಪೋಸ್ಟ್ ಎಂಬ ಸಣ್ಣ ಕಡ್ಡಿ ನಿಂತಿರುತ್ತದಲ್ಲ, ಅದರ ನೇರಕ್ಕೆ ಬೆನ್ನಹಲಗೆ ಸೀಳಿದ್ದರೆ ಬೆಲೆ ಪಾತಾಳಕ್ಕಿಳಿಯುತ್ತದೆ. ಇದೆಲ್ಲ ರಾಯರಿಗೆ ಕಂಠಪಾಠ. ನುಡಿಸಲು ಬರುವುದಿಲ್ಲ, ಅಷ್ಟೆ.

ಅವರು ಪಿಟೀಲು ಪರೀಕ್ಷಿಸುವುದನ್ನು ಒಮ್ಮೆಯಾದರೂ ನೋಡಬೇಕು. ಕನ್ನಡಕ ಹಣೆಗೇರುತ್ತದೆ. ಒಂದು ಕಣ್ಣು ಮುಚ್ಚಿ, ಬಂದೂಕಿನಲ್ಲಿ ಗುರಿ ಹಿಡಿದವರ ಹಾಗೆ ಕತ್ತಿನುದ್ದಕ್ಕೂ ನೋಟ ಹಾಯಿಸುತ್ತಾರೆ. ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ತಟ್ಟುತ್ತಾ ಬರುತ್ತಾರೆ. ಅಂಟು ಬಿಟ್ಟ ಜಾಗದಲ್ಲಿ ಸದ್ದು ಬಡಕಲಾಗುತ್ತದೆ, ಅಲ್ಲಿ ಮುಖ ಅರಳುತ್ತದೆ. ಆಮೇಲೆ ಮೊಬೈಲಿನ ಟಾರ್ಚನ್ನು ಎಫ್ ಆಕಾರದ ಕಂಡಿಯೊಳಕ್ಕೆ ಬಿಟ್ಟು ಒಳಗಿನ ಚೀಟಿ ಓದುತ್ತಾರೆ. ಒಮ್ಮೆ ಹಾಗೆ ಓದುವಾಗ ಸ್ಟ್ರಾಡಿವೇರಿಯಸ್, ಕ್ರೆಮೋನಾ, 1721 ಎಂದು ಕಂಡು ಉಸಿರೇ ಸಿಕ್ಕಿಕೊಂಡಿತಂತೆ. ಕೆಳಗೆ ಸಣ್ಣಕ್ಷರದಲ್ಲಿ 'ಮೇಡ್ ಇನ್ ಜೆಕೊಸ್ಲೊವಾಕಿಯಾ' ಎಂದಿತ್ತು. ಪಿಟೀಲು ತಯಾರಿಕೆಗೆ ಜಗತ್ಪ್ರಸಿದ್ಧನಾದ ಸ್ಟ್ರಾಡಿವರಿ ತೀರಿಕೊಂಡದ್ದು 1737ರಲ್ಲಿ. ಆ ದೇಶ ಹುಟ್ಟಿದ್ದು 1918ರಲ್ಲಿ. ಜರ್ಮನಿ, ಬೊಹೆಮಿಯಾ ಕಡೆಯ ಪಿಟೀಲು ತಯಾರಕರು ಆ ಮಹಾನುಭಾವನ ಹೆಸರಿನ ಚೀಟಿ ಅಂಟಿಸಿದ ಅಗ್ಗದ ಪಿಟೀಲುಗಳನ್ನು ರಾಶಿ ರಾಶಿ ಮಾಡಿ ಊರೂರಿಗೆ ಕಳಿಸಿದ್ದರು. ರಾಯರು ಕಂಗೆಡಲಿಲ್ಲ.

"ಚೀಟಿ ತಪ್ಪು ಪ್ರಿಂಟಾಗಿದೆ ಕಣಯ್ಯಾ. ಇದಕ್ಕೆಷ್ಟು ಬಿಡ್ತೀಯಾ?"

ಅಂಗಡಿಯವನು ಐನೂರು ಬಿಟ್ಟ. ಬಿರಡೆ ಕೂರುವ ಜಾಗದಲ್ಲಿ ಯಾರೋ ಕೊರೆದು ಮುಚ್ಚಿದ ತೂತುಗಳಿದ್ದುದಕ್ಕೆ ಇನ್ನೊಂದಿಷ್ಟು. ಮನೆಗೆ ಬಂದವರಿಗೆ ಆ ತೂತುಗಳ ಕಥೆಯೇ ಬೇರೆ. ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದು ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿ ನುಡಿಸಿದರಷ್ಟೆ. ಅದೇ ಹಾದಿ ಹಿಡಿದ ಯಾರೋ ವಿದ್ವಾಂಸರ ವಾದ್ಯವಂತೆ ಇದು.

ಹೀಗೆ ಪ್ರತಿ ಊನಕ್ಕೂ ರಾಯರ ಬಳಿ ಒಬ್ಬ ಮಹಾಪುರುಷ ಸಿದ್ಧ. ಬಾಯಿ ಸೊಟ್ಟಗಾದ ಟ್ರಂಪೆಟ್ ತಂದ ದಿನ ಜಾಝ್ ಸಂಗೀತಗಾರ ಡಿಜ್ಜಿ ಗಿಲೆಸ್ಪಿಯವರ ಪ್ರಸ್ತಾಪ ಬಂತು. 1953ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ, ಹೆಂಡತಿಯ ಹುಟ್ಟುಹಬ್ಬದ ಪಾರ್ಟಿ ನಡೆದಿದ್ದಾಗ ಯಾರೋ ಗಿಲೆಸ್ಪಿಯವರ ಟ್ರಂಪೆಟ್ ಮೇಲೆ ಬಿದ್ದು ಅದರ ಬಾಯಿ ಆಕಾಶ ನೋಡಿತು. ನುಡಿಸಿದರೆ ಅವರಿಗೆ ಅದೇ ಹಿಡಿಸಿತು, ಮುಂದೆ ಬೇಕೆಂದೇ ಹಾಗೆ ಮಾಡಿಸಿಕೊಂಡರು. "ಡ್ಯಾಮೇಜ್ ಅಂತ ಬಿಸಾಕಿದ್ರೆ ಆಗ್ತಿತ್ತೇನ್ರೀ?" ಎಂದು ರಾಯರು ಕೇಳುತ್ತಾರೆ. ಸೊಟ್ಟಗಾಗುವ ಮೊದಲೂ ಗಿಲೆಸ್ಪಿಯವರಿಗೆ ಟ್ರಂಪೆಟ್ ನುಡಿಸಲು ಬರುತ್ತಿತ್ತು ಎಂಬ ವಿವರ ಅವರ ಕಥೆಯಲ್ಲಿ ಬರುವುದಿಲ್ಲ.

ಖರ್ಚಿನ ಲೆಕ್ಕ ಬೇಕಾದರೆ ಅವರ ಪತ್ನಿಯನ್ನು ಕೇಳಬೇಕು. ಒಂದು ವೀಣೆ ಅಗ್ಗಕ್ಕೆ ಸಿಕ್ಕಿತು. ಬಿಸಿಲಿಗೆ ಮೇಣ ಕರಗಿ, 24 ಮೆಟ್ಟಿಲುಗಳಲ್ಲಿ ಅರ್ಧಕ್ಕರ್ಧ ಜರುಗಿದ್ದವು. ಹಳೆಯ ಮೇಣ ಕೆರೆದು, ಹೊಸದು ಹಾಕಿ, ಒಂದೊಂದೇ ಸ್ವರವನ್ನು ಕಿವಿಗೊಟ್ಟು ಕೇಳಿ ಮೆಟ್ಟಿಲು ಕೂರಿಸುವುದೆಂದರೆ ನುರಿತ ಕೈಗೂ ನಿಧಾನದ ಕೆಲಸ, ಕೂಲಿಯೂ ಹಾಗೆಯೇ. ಆಮೇಲೆ ಬಿರಡೆಗಳು ಜಾರತೊಡಗಿದವು. ಎಲ್ಲ ಮುಗಿಯುವ ಹೊತ್ತಿಗೆ ಹೊಸ ವೀಣೆಯ ಬೆಲೆ ದಾಟಿತ್ತು. "ಅದರಲ್ಲಿ ಉಳಿಸಿದ ದುಡ್ಡಿನಲ್ಲಿ ತಂದೆ ಅಂತ ಒಂದು ಹಾರ್ಮೋನಿಯಂ ಬೇರೆ ತಂದ್ರು. ಉಳಿಸಿದ ದುಡ್ಡು ಯಾವುದು ಅಂತ ನಾನಿನ್ನೂ ಹುಡುಕ್ತಾ ಇದ್ದೀನಿ" ಎನ್ನುತ್ತಾರೆ ಆಕೆ. ಆ ಹಾರ್ಮೋನಿಯಂನ ತಿದಿ ಸೋರುತ್ತದೆ. ಷಡ್ಜ ಒತ್ತಿದರೆ ಸ್ವರಕ್ಕಿಂತ ಮೊದಲು ನಿಟ್ಟುಸಿರು ಕೇಳುತ್ತದೆ. ಮಿರಜಿನ ತಂಬೂರಿಯೂ ಒಂದಿದೆ, ಬುರುಡೆ ಬಿರುಕು ಬಿಟ್ಟದ್ದು. ಅದರ ಕೊರಳಿಗೆ ಸದ್ಯ ಛತ್ರಿ ನೇತುಬಿದ್ದಿದೆ. ಬೆಳಗ್ಗೆ ದೇವರನಾಮ ಹೇಳಿಕೊಳ್ಳಲು ಆಕೆಗೆ ಶ್ರುತಿ ಬೇಕಲ್ಲ, ಅದಕ್ಕೆ ಪುಟ್ಟ ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡಿದ್ದಾರೆ. 1979ರಲ್ಲಿ ಬೆಂಗಳೂರಿನವರೇ ಆದ ಜಿ. ರಾಜ್ ನಾರಾಯಣ್ ರೂಪಿಸಿದ ಯಂತ್ರದ ಸಂತತಿ ಅದು. ಮನೆಯಲ್ಲಿ ಪೂರಾ ದುಡ್ಡು ಕೊಟ್ಟು ತಂದ ವಾದ್ಯ ಅದೊಂದೇ. ದಿನಾ ನುಡಿಯುವುದೂ ಅದೊಂದೇ.

ಆದರೂ ಬೀದಿಯಲ್ಲಿ ಯಾರ ಮಗು ಸಂಗೀತದ ಕ್ಲಾಸಿಗೆ ಸೇರಿದರೂ ವಾದ್ಯ ಕೊಳ್ಳಲು ರಾಯರೇ ಜೊತೆಗಿರಬೇಕು. ಗಿಟಾರಾದರೆ 12ನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಮೀಟಿದ ಸ್ವರವೂ, ಅಲ್ಲೇ ಸುಮ್ಮನೆ ಬೆರಳು ತಾಕಿಸಿ ಎಬ್ಬಿಸಿದ ಸ್ವರವೂ ಒಂದೇ ಇರಬೇಕೆಂದು ಹುಡುಗರಿಗೆ ಹೇಳಿಕೊಡುತ್ತಾರೆ. ಅವರು ಆರಿಸಿಕೊಟ್ಟ ವಾದ್ಯಗಳು ಚೆನ್ನಾಗಿಯೇ ಇವೆ. ಅದೇನೋ, ತಮ್ಮ ಜೇಬಿಗೆ ಕೈ ಹಾಕುವ ಹೊತ್ತಿಗೆ ಮಾತ್ರ ಮನಸ್ಸು ಒಡೆದದ್ದರ ಕಡೆ ವಾಲುತ್ತದೆ.

ಹೋದ ವರ್ಷ ಜರ್ಮನಿಯಲ್ಲಿರುವ ಮಗಳು ರಜೆಗೆ ಬರುವಾಗ ಅಪ್ಪನಿಗೆಂದು ಒಂದು ಗಿಟಾರ್ ತಂದಳು. "ಬಿ-ಸ್ಟಾಕ್ ಅಪ್ಪಾ, ಕಮ್ಮಿಗೆ ಸಿಕ್ತು" ಎಂದಳು. ಅಲ್ಲಿ ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸು ಮಾಡುವ ಹಕ್ಕನ್ನು ಯುರೋಪಿನ ಕಾನೂನೇ ಕೊಟ್ಟಿದೆ. ಹಾಗೆ ಮರಳಿ ಬಂದ ಮಾಲನ್ನು ವಾದ್ಯದಂಗಡಿಗಳು ಬಿ-ಸ್ಟಾಕ್ ಎಂದು ಬೆಲೆ ಇಳಿಸಿ ಮಾರುತ್ತವೆ.

"ಸರಿ, ಡ್ಯಾಮೇಜ್ ಎಲ್ಲಿದೆ?"

"ಏನೂ ಇಲ್ಲಪ್ಪಾ. ಯಾರೋ ಬಣ್ಣ ಹಿಡಿಸ್ಲಿಲ್ಲ ಅಂತ ವಾಪಸ್ ಕೊಟ್ಟಿರ್ತಾರೆ."

ಡ್ಯಾಮೇಜೇ ಇಲ್ಲದೆ ಡಿಸ್ಕೌಂಟು! ರಾಯರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಟಾರ್ಚು ಹೊರಬಂತು, ಭೂತಗನ್ನಡಿ ಬಂತು, ತಂತಿಗಳನ್ನೂ ಬಿಚ್ಚಿದ್ದಾಯಿತು. ಬೆಳಗ್ಗೆ ಮಗಳು ಕಾಫಿ ಲೋಟ ಹಿಡಿದು ಕೂತಿರುವಾಗ ಒಳಗಿನಿಂದ ಕೂಗು ಕೇಳಿತು. ಬೆಲ್ಟು ಸಿಗಿಸುವ ಗುಂಡಿಯ ಪಕ್ಕದಲ್ಲಿ ಅಕ್ಕಿಕಾಳಿನುದ್ದದ ಒಂದು ಗೀರು.

"ಸಿಕ್ತು ಕಣೇ, ಬಾ ಇಲ್ಲಿ! ಫೋಟೋ ತೆಗೆದು ಅಂಗಡಿಯವ್ರಿಗೆ ಕಳಿಸು. ಇನ್ನೊಂದೈದು ಪರ್ಸೆಂಟ್ ಬಿಡ್ತಾರಾ ಕೇಳು."