ನೆಟ್‌ಬುಕ್ ವೈದ್ಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. 2009ರ ಸುಮಾರಿಗೆ ಕೊಂಡ ಹತ್ತಿಂಚಿನ ನೆಟ್‌ಬುಕ್ಕು ಅಟ್ಟ ಸೇರಿ ಎಷ್ಟೋ ವರ್ಷವಾಗಿರುತ್ತದೆ. ಒಂದು ಶನಿವಾರ ಅದನ್ನು ಕೆಳಗಿಳಿಸಿ, ಹಳೇ ಬನಿಯನ್ನಿನಲ್ಲಿ ಧೂಳೊರೆಸಿ, 'ಲಿನಕ್ಸ್ ಹಾಕಿದರೆ ಹೊಸದರ ಹಾಗೆ ಓಡುತ್ತೆ' ಎಂದು ಮನೆಮಂದಿಗೆಲ್ಲ ಸಾರುತ್ತಾರೆ. ಅದು ಓಡಲೆಂದೇ ಅವರು ಇಷ್ಟೆಲ್ಲ ಪಾಡು ಪಡುವುದೆಂದು ಲೋಕ ನಂಬಿದೆ. ಓಡಬಾರದೆಂಬುದೇ ಅವರ ಒಳಗಿನಾಸೆ ಎಂಬುದು ನನ್ನ ವಾದ. ರೋಗಿ ಗುಣವಾಗಿಬಿಟ್ಟರೆ ವೈದ್ಯರಿಗೆ ಭಾನುವಾರ ಏನು ಕೆಲಸ?

ವೈ-ಫೈ ವಿಷಯವನ್ನೇ ನೋಡಿ. 'ಎಲ್‌ಎಸ್‌ಪಿಸಿಐ' ಎಂದು ಒತ್ತಿ, ಬಂದದ್ದನ್ನು ಪ್ರವರ ಒಪ್ಪಿಸುವಂತೆ ಹೇಳುತ್ತಾರೆ: ಬ್ರಾಡ್‌ಕಾಮ್ ಗೋತ್ರ, ಬಿಸಿಎಂ4312 ಸೂತ್ರ, 14ಇ4:4315 ಶಾಖೆ. ಈ ಚಿಪ್ಪಿಗೆ ಬಿ43 ಎಂಬ ಡ್ರೈವರ್ ಕರ್ನೆಲ್‌ನಲ್ಲೇ ಇದೆ. ಆದರೆ ಚಿಪ್ಪಿನೊಳಗೆ ಓಡುವ ಫರ್ಮ್‌ವೇರನ್ನು ಹಂಚಲು ಪರವಾನಗಿಯಿಲ್ಲ. ಕಂಪನಿಯ ಡ್ರೈವರನ್ನು ಇಳಿಸಿಕೊಂಡು ಅದರಿಂದ ಕತ್ತರಿಸಿ ತೆಗೆಯಬೇಕು. ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈ-ಫೈ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹಜಾರದ ರೌಟರಿನಿಂದ ಕೇಬಲ್ ಎಳೆದರೆ ಈ ಗಂಟು ಬಿಚ್ಚೀತು. ಅದೂ ಬೇಡವೆಂದರೆ ಎಸ್.ಪಿ. ರಸ್ತೆಯಲ್ಲಿ ಉಗುರಿನಷ್ಟು ದೊಡ್ಡ ಡಾಂಗಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೇಳಿ ನೋಡಿ! ಶ್ರಾದ್ಧದ ಅಡುಗೆಯನ್ನು ಹೋಟೆಲಿನಿಂದ ತರಿಸಿ ಅಂದಷ್ಟು ನೊಂದುಕೊಳ್ಳುತ್ತಾರೆ. ಬಿ43ನ್ನು ಬ್ಲ್ಯಾಕ್‌ಲಿಸ್ಟಿಗೆ ಸೇರಿಸಿ, ಸೇರಿಸಿದ್ದನ್ನು ಮರೆತು, ಮೂರು ಸಲ ಮರುಸ್ಥಾಪಿಸಿ, ರಾತ್ರಿ ಹನ್ನೆರಡಕ್ಕೆ 'ಆರ್‌ಎಫ್‌ಕಿಲ್' ಕೇಳಿದಾಗ 'ಹಾರ್ಡ್ ಬ್ಲಾಕ್ಡ್: ಯೆಸ್' ಎಂಬ ಉತ್ತರ ಬರುತ್ತದೆ. ಅಂದರೆ ಯಂತ್ರದ ಪಕ್ಕದ ಪುಟ್ಟ ಸ್ವಿಚ್ಚು ಶನಿವಾರದಿಂದ ಆಫ್ ಆಗಿಯೇ ಇತ್ತು.

ಗ್ರಾಫಿಕ್ಸ್ ಪ್ರಕರಣ ಇನ್ನೂ ರಸವತ್ತಾದದ್ದು. ಜಿಎಂಎ 950 ಎಂಬ ಗ್ರಾಫಿಕ್ಸ್ ಚಿಪ್ಪಿರುವ ಯಂತ್ರದಲ್ಲಿ ಚಿತ್ರ ತಾನಾಗಿ ಮೂಡಿಬಿಡುತ್ತದೆ. ಅಂಥವರ ಮುಖದಲ್ಲಿ ಕಳೆಯೇ ಇರುವುದಿಲ್ಲ. ಭಾಗ್ಯವಂತರಿಗೆ ಸಿಕ್ಕಿರುವುದು ಜಿಎಂಎ 500. ಮೇಲಿನ ಹೆಸರು ಇಂಟೆಲ್‌ನದು, ಒಳಗಿನ ತಿರುಳು ಇಮ್ಯಾಜಿನೇಷನ್ ಟೆಕ್ನಾಲಜೀಸ್‌ನ ಪವರ್‌ವಿಆರ್. 2011ರಲ್ಲಿ ಕರ್ನೆಲ್ 2.6.39ಕ್ಕೆ ಬಂದ ಮುಕ್ತ ಡ್ರೈವರ್ ಪರದೆಯನ್ನು ಅದರ ನಿಜ ಅಳತೆಗೆ ತಂದಿತು, 3ಡಿ ವೇಗವನ್ನು ತರಲಿಲ್ಲ. ಇಲ್ಲದ್ದನ್ನು ಹುಡುಕುವವರಿಗೆ ಹುಡುಕಾಟ ಮುಗಿಯುವ ಭಯವಿಲ್ಲ.

ಗುಜರಿಗೆ ಹೋಗುವ ವಸ್ತುವನ್ನು ಉಳಿಸುವುದು ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ. ಆದರೆ ಒಂದು ಜಿಬಿ ರ‍್ಯಾಮಿನಲ್ಲಿ ಇಂದಿನ ಬ್ರೌಸರ್ ತೆರೆದ ಮೇಲೆ ಯಂತ್ರ ಸೇರುವುದು ಮತ್ತೆ ಅದೇ ಅಟ್ಟವನ್ನು. ಇಂಥ ಹಟಮಾರಿಗಳಿಂದಲೇ ಅಲ್ಲವೇ ಲಿನಕ್ಸ್ ಬೆಳೆದದ್ದು ಎಂಬ ಆಕ್ಷೇಪ ಮಾತ್ರ ತೂಕದ್ದು. ಬಿ43 ಹುಟ್ಟಿದ್ದೇ ಹಾಗೆ: ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಚ್ಚಿ ವಿವರ ಬರೆದಿಟ್ಟಿತು, ಇನ್ನೊಂದು ಗುಂಪು ಆ ವಿವರವನ್ನಷ್ಟೇ ನೋಡಿ ಹೊಸದನ್ನು ಬರೆಯಿತು. ಅವರಿಗೆ ಕೈಮುಗಿಯೋಣ. ನಮ್ಮ ವೈದ್ಯರು ಎಲ್ಲೋ ಸಿಕ್ಕ ಆಜ್ಞೆಯ ಮುಂದೆ 'ಸುಡೊ' ಸೇರಿಸಿ ಎಂಟರ್ ಒತ್ತುವವರು. ಅವರ ಹಟ ಆ ಜಾತಿಯದಲ್ಲ. ಅದು ಎಂಥದೆಂದು ನೋಡಿ: 2025ರಲ್ಲಿ ಬಂದ ಲಿನಕ್ಸ್ ಆವೃತ್ತಿ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ, ಇಂಥ ಎಷ್ಟೋ ನೆಟ್‌ಬುಕ್ಕುಗಳ ಪ್ರೊಸೆಸರಾದ ಆಟಂ ಎನ್270 ಬರೀ 32 ಬಿಟ್ಟಿನದು. ಬೇರೆಯವರಾದರೆ ಅಲ್ಲಿಗೆ ಮುಚ್ಚಳ ಹಾಕುತ್ತಿದ್ದರು. ಇವರು ಸುದ್ದಿಯನ್ನು ಎರಡು ಸಲ ಓದಿ, ಇನ್ನೊಂದು ಲೋಟ ಕಾಫಿಗೆ ಹೇಳಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.