ಜೀಪಿನ ಮೂಗು ಎಲ್ಲಿದೆ?

ಮೃಗಶಿರ ಮಳೆ ಹಿಡಿಯುವ ಮೊದಲೇ ಮಲೆನಾಡಿನ ಜೀಪುಗಳ ಟಾಪಿಗೆ ರೆಕ್ಸಿನ್ ತೇಪೆ ಬೀಳುತ್ತದೆ. ಬಿದ್ದರೂ ಆರಿದ್ರೆಯ ಹೊತ್ತಿಗೆ ನೀರು ಸರಿಯಾಗಿ ಡ್ರೈವರನ ಎಡತೊಡೆಯ ಮೇಲೇ ತೊಟ್ಟಿಕ್ಕುತ್ತದೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆಯಲ್ಲಿ ಒಂದು ತೊಡೆಯ ಪಾಲೆಷ್ಟು ಎಂದು ಲೆಕ್ಕ ಹಾಕಲು ಹೋಗಬಾರದು.

ಮೇಲಿಂದ ಬೀಳುವ ನೀರಿಗೆ ಜೀಪು ಹೆದರುವುದಿಲ್ಲ, ಹೆದರುವವರು ಒಳಗೆ ಕೂತ ನೆಂಟರು. ಹಳೆಯ ಜೀಪಿನ ನೆಲದಲ್ಲಿ ತೂತುಗಳಿರುತ್ತವೆ. ಕೆಲವು ಕಂಪನಿ ಕೊಟ್ಟದ್ದು, ಉಳಿದವು ತುಕ್ಕು ಕೊಟ್ಟದ್ದು. "ನೀರು ಬರ್ಲಿ ಭಟ್ರೇ, ಹೋಗೋಕೆ ದಾರಿ ಇದ್ರೆ ಸಾಕು. ಮ್ಯಾಟ್ ಹಾಸಿ ಮುಚ್ಚಿದ್ರೆ ತಗಡು ಉಳಿಯಲ್ಲ" ಎನ್ನುತ್ತಾರೆ ನಮ್ಮ ಪೇಟೆಯ ಮೆಕ್ಯಾನಿಕ್.

ಗಂಡಾಂತರ ಇರುವುದು ಹಳ್ಳದಲ್ಲಿ. ಎಂಜಿನ್ ಉಸಿರೆಳೆಯುವ ಬಾಯಿ ನೀರಿಗೆ ಸಿಕ್ಕಿತೋ, ಕಥೆ ಮುಗಿಯಿತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಮೇಲೇರಲು ಜಾಗವಿಲ್ಲದ ಪಿಸ್ಟನ್ ಕೆಳಗಿನ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಪೆಟ್ರೋಲ್ ಜೀಪಾದರೆ ಡಿಸ್ಟ್ರಿಬ್ಯೂಟರ್ ನೆನೆದು, ಕಿಡಿ ಹುಟ್ಟದೆ, ಎಷ್ಟೋ ಸಲ ಅದಕ್ಕೂ ಮೊದಲೇ ನಿಂತುಬಿಡುತ್ತಿತ್ತು. ಡೀಸೆಲ್‌ಗೆ ಕಿಡಿಯ ಹಂಗಿಲ್ಲ, ಆದ್ದರಿಂದ ನೀರು ಕುಡಿಯುವವರೆಗೂ ಹುರುಪಿನಿಂದ ಓಡುತ್ತದೆ. ಹಾಗೆ ನೀರು ಕುಡಿದು ನಿಂತಾಗ ಮಾಡಲೇಬಾರದ ಕೆಲಸ ಸೆಲ್ಫ್ ಹೊಡೆಯುವುದು. ಎಲ್ಲರೂ ಮೊದಲು ಮಾಡುವುದು ಅದನ್ನೇ.

ಹೊಸ ಥಾರ್ 650 ಮಿ.ಮೀ. ನೀರಿನಲ್ಲಿ ಹಾಯಬಲ್ಲದಂತೆ, ಬಾನೆಟ್ ಪಕ್ಕದಲ್ಲಿ ಮೂಗು ಮೇಲೆತ್ತಿಕೊಂಡ ಗೂರ್ಖಾ 700. ಸರಿ, ಆದರೆ ಹಳ್ಳಕ್ಕೆ ಅಳತೆಪಟ್ಟಿ ಕಟ್ಟಿದವರಾರು? ಹಳಬರು ಪಕ್ಕದಲ್ಲಿದ್ದವನನ್ನು ಪಂಚೆ ಎತ್ತಿ ಕಟ್ಟಿಸಿ ಮೊದಲು ಇಳಿಸುತ್ತಿದ್ದರು. ಮೊಣಕಾಲು ಮುಳುಗಿದರೆ ಯೋಚನೆ, ತೊಡೆ ಮುಳುಗಿದರೆ ವಾಪಸ್ಸು. ಇಳಿಯುವವನು ಕುಳ್ಳಗಿದ್ದಷ್ಟೂ ಜೀಪಿಗೆ ಕ್ಷೇಮ. ಫ್ಯಾನು ನೀರನ್ನು ಎಂಜಿನ್ನಿನ ಮೇಲೆಲ್ಲ ಎರಚದಂತೆ ಬೆಲ್ಟ್ ಕಳಚಿ, ಲೋ ಗೇರಿನಲ್ಲಿ, ನಡುವೆ ನಿಲ್ಲದೆ ದಾಟಿಸುತ್ತಿದ್ದರು. ಆಚೆ ದಡ ಹತ್ತಿದ ಮೇಲೆ ನೆನೆದ ಡ್ರಮ್ಮು ಒಣಗಲೆಂದು ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸಾಗುವುದು. ಬೆಲ್ಟ್ ಮತ್ತೆ ಹಾಕಲು ಮರೆತವರು ಘಾಟಿಯ ಮೊದಲ ತಿರುವಿನಲ್ಲೇ ಹಬೆಯೊಂದಿಗೆ ನೆನಪಿಸಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ಹಲವರು ಮರೆಯುವುದು ಆಕ್ಸಲ್ ಹೌಸಿಂಗನ್ನು. ದೂರ ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸೀಲಿನ ಸಂದಿಯಿಂದಲೋ ಹಳ್ಳವನ್ನೇ ಹೀರಿಕೊಳ್ಳುತ್ತದೆ. ಅಡಿಯ ಪ್ಲಗ್ ಬಿಚ್ಚಿದಾಗ ಹಾಲು ಹಾಕಿದ ಕಾಫಿಯಂಥದ್ದು ಸುರಿದರೆ ಬೇರಿಂಗಿನ ಆಸೆ ಬಿಡುವುದೇ. ಬ್ರೀದರಿಗೆ ರಬ್ಬರ್ ಪೈಪು ಸಿಕ್ಕಿಸಿ, ತುದಿಯನ್ನು ಬಾನೆಟ್ಟಿನಡಿ ಎತ್ತರದಲ್ಲಿ ಕಟ್ಟಿದರೆ ಮುಗಿಯುವ ಕೆಲಸ. ದುಬಾರಿ ಲೈಟು ಹಾಕಿಸುವವರು ಇದಕ್ಕೆ ಮಾತ್ರ ಚೌಕಾಸಿ ಮಾಡುತ್ತಾರೆ.

ಇನ್ನು ಕೆಲವರದು ಅತಿ ಜಾಗ್ರತೆ. ನಮ್ಮ ಕೇರಿಯ ಹಿರಿಯರೊಬ್ಬರು ಹೊಸ ಜೀಪಿಗೆ ಜೂನಿನಲ್ಲೇ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಾರೆ. ಒಳಗೆ ತೇವ ಕಟ್ಟಿಕೊಂಡು ಬೋಲ್ಟುಗಳು ಕೆಂಪಗಾಗಿವೆ, ಇಲಿಗಳು ವೈರಿಂಗ್ ಹಂಚಿಕೊಂಡಿವೆ. ಯಜಮಾನರು ಅಡಿಕೆ ಮಂಡಿಗೆ ಬಸ್ಸಿನಲ್ಲಿ ಹೋಗಿಬರುತ್ತಾರೆ. ಅದೂ ಸೋರುತ್ತದೆಂದು ಒಳಗೇ ಕೊಡೆ ಬಿಚ್ಚಿ ಕಂಡಕ್ಟರನ ಹತ್ತಿರ ಬೈಸಿಕೊಳ್ಳುತ್ತಾರೆ.